ಪರವಾನಿಗೆಯ ಕಾಗದವನ್ನು ಓದುವವರು ಯಾರು?

ಕೃಷ್ಣೆ ಮತ್ತು ಘಟಪ್ರಭೆಯರನ್ನು ನಂಬಿ ಬದುಕು ಕಟ್ಟಿಕೊಂಡ ನಾಡು ನಮ್ಮದು. ರಬಕವಿ-ಬನಹಟ್ಟಿ, ಜಮಖಂಡಿಗಳ ಮಗ್ಗುಲಲ್ಲಿ ಕೃಷ್ಣೆ ಹರಿಯುತ್ತಾಳೆ. ಮುಧೋಳದ ಹೊಲಗಳಿಗೆ ನೀರುಣಿಸಿದ ಘಟಪ್ರಭೆ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಅವಳನ್ನು ಕೂಡಿಕೊಳ್ಳುತ್ತಾಳೆ. ಮೇಲಿನ ಊರಿನವರು ಹೊಳೆಗೆ ಬಿಟ್ಟದ್ದು ಕೆಳಗಿನ ಊರಿನವರ ಕೊಡಕ್ಕೆ ಬಂದೇ ಬರುತ್ತದೆ. ಆದಕಾರಣ ಒಂದು ಕಾರ್ಖಾನೆಯು ತನ್ನ ತ್ಯಾಜ್ಯವನ್ನು ಎಲ್ಲಿ, ಹೇಗೆ, ಎಷ್ಟು ವಿಲೇವಾರಿ ಮಾಡುತ್ತದೆಂಬುದು ಆ ಕಾರ್ಖಾನೆಯ ಮನೆವಾರ್ತೆಯಷ್ಟೇ ಅಲ್ಲ; ಕೆಳಗಿನ ಊರುಗಳ ಸಮಾಚಾರವೂ ಹೌದು. ಇದನ್ನು ಬರೆದಿಡುವ ಕಾಗದವೇ ಪರವಾನಿಗೆ. ಆ ಕಾಗದದ ಬಗ್ಗೆ ಇಂದು ನಾಲ್ಕು ಮಾತು.

ಕಬ್ಬು ನಮ್ಮ ಭಾಗದ ರೈತನ ಕೈಹಿಡಿದಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಕಾರ್ಖಾನೆಗಳು ಬಂದವು, ಸಾವಿರಾರು ಕುಟುಂಬಗಳಿಗೆ ಅನ್ನ ಸಿಕ್ಕಿತು. ಸಕ್ಕರೆಯ ಬೆನ್ನಿಗೆ ಕಾಕಂಬಿ, ಕಾಕಂಬಿಯ ಬೆನ್ನಿಗೆ ಡಿಸ್ಟಿಲರಿ, ಅದರ ಬೆನ್ನಿಗೆ ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲ್. ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರವು 2030ರಿಂದ 2025-26ಕ್ಕೆ ಹಿಂದೆ ತಂದುಕೊಂಡ ಮೇಲೆ ಡಿಸ್ಟಿಲರಿಗಳ ವಿಸ್ತರಣೆಗೆ ಎಲ್ಲೆಡೆ ಅವಸರವುಂಟಾಯಿತು. ಹೀಗೆ ತೈಲ ಬಾವಿಯೊಂದೂ ಇಲ್ಲದ ನಮ್ಮ ಸೀಮೆಯೂ ದೇಶದ ಇಂಧನ ಉದ್ಯಮದ ಪಾಲುಗಾರನಾಗಿದೆ. ಇಂಧನದ ಲಾಭದಲ್ಲಿ ಪಾಲು ಬಂದಂತೆ ಅದರ ಕೊಳೆಯಲ್ಲಿಯೂ ಪಾಲು ಬಂದಿದೆ.

ಆ ಕೊಳೆಯ ಪ್ರಮಾಣ ಸಾಮಾನ್ಯವಾದುದಲ್ಲ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಸುಮಾರು 8ರಿಂದ 15 ಲೀಟರ್ ಕಡುಕಂದು ಬಣ್ಣದ, ನಾರುವ ದ್ರವ ಉಳಿಯುತ್ತದೆ. ಅದನ್ನು ‘ಸ್ಪೆಂಟ್ ವಾಶ್’ ಎನ್ನುತ್ತಾರೆ. ನೀರಿನೊಳಗಿನ ಪ್ರಾಣವಾಯುವನ್ನು ಹೀರಿಬಿಡುವ ಅದರ ಶಕ್ತಿ ಊರ ಚರಂಡಿಯ ನೀರಿಗಿಂತ ನೂರು ಪಟ್ಟಿಗೂ ಮಿಗಿಲು. ಅದು ಹಳ್ಳಕ್ಕಿಳಿದರೆ ಮೀನು ಸಾಯುತ್ತದೆ; ನೆಲಕ್ಕಿಳಿದರೆ ಬಾವಿಯ ನೀರು ಬಣ್ಣಗೆಡುತ್ತದೆ. ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿದರೆ ಉರಿಯುವ ಮೀಥೇನ್ ಅನಿಲ ಹುಟ್ಟುತ್ತದೆ. ಆ ಅನಿಲವನ್ನು ಉರುವಲಾಗಿ ಬಳಸಬಹುದು, ಆದರೆ ಎಚ್ಚರ ತಪ್ಪಿದರೆ ಅದು ಪ್ರಾಣವನ್ನೇ ತೆಗೆಯಬಲ್ಲುದು. 2018ರ ಡಿಸೆಂಬರ್ ತಿಂಗಳಲ್ಲಿ ಮುಧೋಳದ ಸಮೀಪದ ಡಿಸ್ಟಿಲರಿಯೊಂದರ ತ್ಯಾಜ್ಯ ಸಂಸ್ಕರಣ ಘಟಕದಲ್ಲಿ ಸ್ಫೋಟವಾಗಿ ಕಾರ್ಮಿಕರು ಪ್ರಾಣ ತೆತ್ತುದನ್ನು ನಾವು ಮರೆಯಲಾಗದು. ತ್ಯಾಜ್ಯದ ಘಟಕವೆಂದರೆ ಕಾರ್ಖಾನೆಯ ಹಿತ್ತಲು ಎಂಬ ಉಪೇಕ್ಷೆ ಸಲ್ಲದೆಂದು ಆ ದುರಂತ ನಮಗೆ ಕಲಿಸಬೇಕಾಗಿತ್ತು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1974ರ ಜಲ ಮಾಲಿನ್ಯ ಕಾಯಿದೆಯ ಪ್ರಕಾರ ಇಂತಹ ಉದ್ಯಮವು ಎರಡು ಬಾರಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲು ತಟ್ಟಬೇಕು. ಅಡಿಗಲ್ಲು ಹಾಕುವ ಮುನ್ನ ಸ್ಥಾಪನೆಯ ಸಮ್ಮತಿ, ಯಂತ್ರ ತಿರುಗಿಸುವ ಮುನ್ನ ಕಾರ್ಯಾಚರಣೆಯ ಸಮ್ಮತಿ. ಡಿಸ್ಟಿಲರಿಗಳು ತಮ್ಮ ಆವರಣದ ಹೊರಗೆ ತ್ಯಾಜ್ಯದ ಹನಿಯನ್ನೂ ಬಿಡಬಾರದೆಂಬ ಗುರಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2003ರಲ್ಲಿಯೇ ಮುಂದಿಟ್ಟಿದೆ. ದ್ರವವನ್ನು ಕುದಿಸಿ ಗಟ್ಟಿಮಾಡಿ ಬಾಯ್ಲರಿನಲ್ಲಿ ಸುಡುವುದು, ಇಲ್ಲವೆ ಸಕ್ಕರೆ ಕಾರ್ಖಾನೆಯ ಮಡ್ಡಿಯೊಡನೆ ಬೆರೆಸಿ ಗೊಬ್ಬರ ಮಾಡುವುದು ಅದಕ್ಕಿರುವ ಮಾರ್ಗಗಳು. ಮಳೆ ಹಿಡಿದಾಗ ಗೊಬ್ಬರದಂಗಳದ ಕೆಲಸ ಸಾಗದು. ಆಗ ಸಂಗ್ರಹದ ಹೊಂಡಕ್ಕೆ ಹಾಸು ಇದೆಯೇ, ಅದು ತುಂಬಿ ಉಕ್ಕುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಪರವಾನಿಗೆಯ ಷರತ್ತುಗಳು ಇಂತಹ ಪ್ರಶ್ನೆಗಳಿಗೆ ಉತ್ತರ ಹೇಳುವ ಸ್ಥಳ. ಸಂಸ್ಕರಣ ಘಟಕ ನಡೆಯದಿದ್ದರೆ ಕಾರ್ಖಾನೆಯೂ ನಡೆಯಬಾರದೆಂದು ಸುಪ್ರೀಂ ಕೋರ್ಟು 2017ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದರೆ ಇದೇ ಕಾಯಿದೆಯಲ್ಲಿ ಒಂದು ಸಡಿಲ ಗಂಟೂ ಇದೆ. ಅರ್ಜಿ ಸಲ್ಲಿಸಿದ ನಾಲ್ಕು ತಿಂಗಳೊಳಗೆ ಮಂಡಳಿಯು ಹೌದೆಂದೋ ಅಲ್ಲವೆಂದೋ ಹೇಳದಿದ್ದರೆ ಸಮ್ಮತಿ ಸಿಕ್ಕಿತೆಂದೇ ಭಾವಿಸಬೇಕೆಂದು 25ನೆಯ ಕಲಮು ಹೇಳುತ್ತದೆ. ಉದ್ಯಮಿಯನ್ನು ವೃಥಾ ಅಲೆದಾಡಿಸಬಾರದೆಂಬ ಸದುದ್ದೇಶ ಇದರ ಹಿಂದಿದೆ, ಒಪ್ಪೋಣ. ಆದರೂ ಕಚೇರಿಯ ಮೌನವೇ ಪರವಾನಿಗೆಯಾಗುವಲ್ಲಿ ಜನರ ಮೌನ ಇನ್ನಷ್ಟು ದುಬಾರಿಯಾಗುತ್ತದೆ.

ಜನರ ದನಿಗೆ ಕಾನೂನು ಒಂದು ವೇದಿಕೆಯನ್ನು ಕಲ್ಪಿಸಿದೆ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಜನರಿಗೆ ಕನಿಷ್ಠ 30 ದಿನಗಳ ಅವಕಾಶ ಸಿಗಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ದೊರೆಯಬೇಕು, ಆಡಿದ ಮಾತುಗಳು ದಾಖಲಾಗಬೇಕು. ಆದರೆ 2021ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆಂದೇ ಮಾಡುವ ಕೆಲವು ಬಗೆಯ ಸ್ಥಾಪನೆ, ವಿಸ್ತರಣೆಗಳನ್ನು ಷರತ್ತುಗಳೊಡನೆ ‘ಬಿ-2’ ವರ್ಗಕ್ಕೆ ಸೇರಿಸಿತು. ಆ ವರ್ಗದ ಯೋಜನೆಗೆ ಅಹವಾಲು ಸಭೆ ಬೇಕಿಲ್ಲ. ಆಮದು ತೈಲದ ಹೊರೆ ಇಳಿಯಬೇಕೆಂಬುದು ನ್ಯಾಯವಾದ ಮಾತೇ. ಆದರೆ ಸ್ಪೆಂಟ್ ವಾಶ್‌ನ ಗುಣ ಮದ್ಯಸಾರ ಯಾವ ಉಪಯೋಗಕ್ಕೆ ಹೋಗುತ್ತದೆಂಬುದನ್ನು ನೋಡಿ ಬದಲಾಗುವುದಿಲ್ಲ. ಬಾಟಲಿಗೆ ಹೋದರೂ ಪೆಟ್ರೋಲ್ ಟ್ಯಾಂಕಿಗೆ ಹೋದರೂ ಹಿಂದುಳಿಯುವ ಕೊಳೆ ಅದೇ, ಅದರ ನೆರೆಹೊರೆಯ ಬಾವಿಯೂ ಅದೇ. ಹಾಗಿರುವಾಗ ನೆರೆಯವರನ್ನು ಕೇಳದೆ ಮುಂದುವರಿಯುವುದು ಸಮಂಜಸವೇ?

ಈ ಪುಟದ ಓದುಗರಿಗೆ ಇಲ್ಲಿ ಒಂದನ್ನು ನೆನಪಿಸಬೇಕೆನಿಸುತ್ತದೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಪರಿಪತ್ರವು ಪರಿಸರ ಪರಿಣಾಮದ ಅಧ್ಯಯನವನ್ನು ನೇರವಾಗಿಯೇ ಪ್ರಸ್ತಾಪಿಸುತ್ತದೆ. ಯೋಜನೆ ಸಿದ್ಧವಾದ ಮೇಲೆ ಅಧ್ಯಯನ ನಡೆಸುವುದು ಸರಿಯಲ್ಲ, ಆರಂಭದಿಂದಲೇ ಅದು ಜೊತೆಗಿರಬೇಕು, ಚರ್ಚೆಯಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕು ಎಂಬುದು ಅದರ ಆಶಯ. ಇದು ಒಂದು ಮತದವರಿಗೆ ಮಾತ್ರ ಹೇಳಿದ ಮಾತಲ್ಲ. ಹೊಳೆ ಯಾರ ಜಾತಿ ಮತವನ್ನೂ ಕೇಳಿ ಹರಿಯುವುದಿಲ್ಲ.

ದೂರುವುದು ಸುಲಭ. ಆದರೆ ಇರುವ ಹಕ್ಕುಗಳನ್ನಾದರೂ ನಾವು ಬಳಸಿದ್ದೇವೆಯೇ? ಅದೇ 25ನೆಯ ಕಲಮು ಮಂಡಳಿಯು ಸಮ್ಮತಿಯ ಷರತ್ತುಗಳ ದಫ್ತರವನ್ನು ಇಡಬೇಕೆಂದೂ, ಅದರಿಂದ ಬಾಧಿತನಾಗುವ ಯಾರಿಗೇ ಆದರೂ ಅದನ್ನು ನೋಡಲು ತೆರೆದಿರಬೇಕೆಂದೂ ವಿಧಿಸುತ್ತದೆ. ಪರಿಸರ ಅನುಮತಿ ಪಡೆದ ಉದ್ಯಮವು ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಒಪ್ಪಿಸಬೇಕು, ಅದು ಸಾರ್ವಜನಿಕ ದಾಖಲೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಹತ್ತು ರೂಪಾಯಿಯ ಅರ್ಜಿ ಕೊಟ್ಟು 30 ದಿನಗಳಲ್ಲಿ ಉತ್ತರ ಕೇಳಬಹುದು. 60 ದಿನಗಳ ಮುನ್ಸೂಚನೆ ಕೊಟ್ಟು ಸಾಮಾನ್ಯ ನಾಗರಿಕನೂ ನ್ಯಾಯಾಲಯಕ್ಕೆ ದೂರು ಒಯ್ಯಲು ಜಲ ಕಾಯಿದೆಯಲ್ಲಿ ದಾರಿಯಿದೆ. ನಮ್ಮಲ್ಲಿ ಎಷ್ಟು ಗ್ರಾಮ ಪಂಚಾಯಿತಿಗಳು ತಮ್ಮ ಸರಹದ್ದಿನ ಕಾರ್ಖಾನೆಯ ಸಮ್ಮತಿ ಪತ್ರದ ಒಂದು ಪ್ರತಿಯನ್ನು ತರಿಸಿ ಓದಿವೆ?

ರೈತನ ಅಳುಕು ನಮಗೆ ಅರ್ಥವಾಗದ್ದಲ್ಲ. ಕಬ್ಬು ಕಳಿಸಬೇಕಾದ್ದು, ಬಿಲ್ಲು ಬರಬೇಕಾದ್ದು, ಮಗನಿಗೆ ಕೆಲಸ ಸಿಗಬೇಕಾದ್ದು ಅದೇ ಕಾರ್ಖಾನೆಯಿಂದ. ಬಾವಿ ಕೆಟ್ಟಿತೆಂದು ಬಾಯಿಬಿಟ್ಟರೆ ಕಟಾವಿನ ಸರದಿ ತಪ್ಪೀತೆಂಬ ಭಯ ಅವನನ್ನು ಕಾಡುತ್ತದೆ. ಆದ್ದರಿಂದಲೇ ಈ ಪ್ರಶ್ನೆಯನ್ನು ಒಬ್ಬೊಬ್ಬ ರೈತನ ಹೆಗಲಿಗೆ ಹೊರಿಸದೆ ಪಂಚಾಯಿತಿ, ಸಹಕಾರ ಸಂಘ, ಮಹಿಳಾ ಮಂಡಳ, ಶಾಲೆಗಳ ಹಿರಿಯರು ಒಟ್ಟಾಗಿ ಕೇಳಬೇಕು. ಕೇಳುವುದೆಂದರೆ ಕಾರ್ಖಾನೆಯನ್ನು ಮುಚ್ಚಿಸುವುದಲ್ಲ. ಷರತ್ತು ಪಾಲಿಸುವ ಕಾರ್ಖಾನೆಗೆ ಇಂತಹ ಪ್ರಶ್ನೆಯಿಂದ ಕುಂದೇನೂ ಇಲ್ಲ. ಪಾಲಿಸದವನ ಅಗ್ಗದ ಪೈಪೋಟಿಯಿಂದ ಅದಕ್ಕೂ ರಕ್ಷಣೆ ಸಿಗುತ್ತದೆ.

ಹಾಗೆ ಕೇಳುವ ನಾವು ನಮ್ಮ ಕೈಯನ್ನೂ ನೋಡಿಕೊಳ್ಳೋಣ. ಗ್ಯಾರೇಜಿನಲ್ಲಿ ಬಳಸಿ ಬಿಟ್ಟ ಎಂಜಿನ್ ಎಣ್ಣೆ 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ. ಅದು ಮೋರಿಗಲ್ಲ, ಅನುಮತಿ ಪಡೆದ ಮರುಸಂಸ್ಕರಣದವರಿಗೆ ಸೇರಬೇಕಾದದ್ದು. ರಬಕವಿ-ಬನಹಟ್ಟಿಯ ನೇಕಾರಿಕೆ ನಮ್ಮ ಹೆಮ್ಮೆ, ಆದರೆ ಬಣ್ಣದ ಹಂಡೆಯ ನೀರು ಎಲ್ಲಿಗೆ ಹರಿಯುತ್ತದೆಂಬ ಪ್ರಶ್ನೆ ಅಲ್ಲಿಯೂ ಉಂಟು.

1989ರಲ್ಲಿ ಜಮಖಂಡಿ ತಾಲ್ಲೂಕಿನ ರೈತರು ಸರ್ಕಾರವನ್ನು ಕಾಯದೆ, ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದರ ಮುಂದಾಳು ಸಿದ್ದು ನ್ಯಾಮಗೌಡರು 2018ರಲ್ಲಿ ತೀರಿಕೊಂಡರು. ಶ್ರಮಬಿಂದು ಸಾಗರವೆಂಬ ಹೆಸರು ಉಳಿದಿದೆ. ಬೆವರು ಸುರಿಸಿ ನೀರನ್ನು ನಿಲ್ಲಿಸಿದ ಜನರಿಗೆ ಆ ನೀರಿಗೆ ಏನು ಸೇರುತ್ತಿದೆಯೆಂದು ಕೇಳುವ ಹಕ್ಕು ಇಲ್ಲವೆ? ಬಾಗಲಕೋಟೆಯ ಮಂಡಳಿ ಕಚೇರಿಗೆ ಹೋಗಿ ಒಂದು ಕಾಗದವನ್ನು ಕೇಳಿ ಪಡೆದು, ಊರ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದುವುದು ಬ್ಯಾರೇಜು ಕಟ್ಟಿದಷ್ಟು ಕಷ್ಟದ ಕೆಲಸವೇನಲ್ಲ. ಮುಂದಿನ ಹಂಗಾಮು ಆರಂಭವಾಗುವ ಮೊದಲು ಪ್ರತಿಯೊಂದು ಪಂಚಾಯಿತಿಯಲ್ಲಿಯೂ ಅಷ್ಟು ನಡೆಯಲಿ.