‘ಹೀಗೆ’ ಎಂಬೊಂದು ಮಾತು

ಬೆಂಗಳೂರಿನ ಚಾಮರಾಜಪೇಟೆಯಿಂದ ಹೊರಟು, ದೊಡ್ಡಪೇಟೆಯ ಜನಸಂದಣಿಯನ್ನು ದಾಟಿ, ಕೃಷ್ಣರಾಜ ವೃತ್ತದ ಬಳಿಗೆ ಬಂದವರಿಗೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕು ಎದುರಾಗುತ್ತದೆ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ೧೯೪೩ರಲ್ಲಿ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಮೊದಲಾದ ಈ ಸಂಸ್ಥೆಯ ಮುಂದೆ ನಿಂತಾಗಲೆಲ್ಲ, ವಿದ್ಯೆಯು ಗ್ರಂಥದಿಂದ ಕೈಗಿಳಿದು ಅನ್ನವಾಗಬೇಕೆಂಬ ಆ ಕಾಲದ ಸತ್ಸಂಕಲ್ಪದಲ್ಲಿ ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಸಲ್ಲಬೇಕಾದ ಪಾಲು ಎಷ್ಟೆಂಬ ಯೋಚನೆಯು ನನ್ನನ್ನು ಕಾಡುವುದುಂಟು.

೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರದ ಹಾಗೂ ಅನುದಾನಿತ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ ೫ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿರಿಸಿತು. ಕಾಲೇಜು ಅಧ್ಯಾಪಕರ ಶಿಕ್ಷಣಕ್ರಮದಲ್ಲಿಯೂ ವೈಕಲ್ಯದ ವಿಷಯವು ಸೇರಬೇಕೆಂದು ವಿಧಿಸಿತು. ಆದರೆ ಬಾಗಿಲು ತೆರೆದೊಡನೆ ವಿದ್ಯೆಯೂ ದೊರೆಯಿತೆನ್ನಲಾಗದು.

ಕಾರ್ಯಾಗಾರದಲ್ಲಿ ಗುರುವು ಶಿಷ್ಯರಿಗೆ ಪದೇ ಪದೇ ಹೇಳುವ ಮಾತು ‘ಹೀಗೆ’ ಎಂಬುದು. ಅರವನ್ನು ಹೀಗೆ ನಡೆಸು, ತಂತಿಯನ್ನು ಹೀಗೆ ಸುತ್ತು ಎಂದು ಹೇಳುವಾಗ ಅರ್ಥವೆಲ್ಲವೂ ಅವನ ಕೈಯಲ್ಲಿರುತ್ತದೆಯೇ ಹೊರತು ಮಾತಿನಲ್ಲಿರುವುದಿಲ್ಲ. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಆ ‘ಹೀಗೆ’ ಎಂಬುದು ಬರಿಯ ಶಬ್ದ. ಗುರುವು ಯಂತ್ರದ ಕಡೆಗೆ ಮುಖಮಾಡಿ ವಿವರಿಸತೊಡಗಿದರೆ, ತುಟಿಯ ಚಲನೆಯಿಂದ ಮಾತನ್ನು ಗ್ರಹಿಸುವ ವಿದ್ಯಾರ್ಥಿನಿಗೆ ಅಷ್ಟೂ ಇಲ್ಲ. ಅವನು ತಿರುಗಿ ನಿಂತನೆಂದರೂ, ಕೈಯನ್ನು ನೋಡಿದರೆ ತುಟಿ ತಪ್ಪುತ್ತದೆ, ತುಟಿಯನ್ನು ನೋಡಿದರೆ ಕೈ ತಪ್ಪುತ್ತದೆ. ಮೊದಲು ಮಾತು, ಅನಂತರ ಕೈ ಎಂಬ ಕ್ರಮವನ್ನೂ, ಶಿಷ್ಯನ ಒಪ್ಪಿಗೆಯಿಂದ ಅವನ ಬೆರಳುಗಳನ್ನು ತನ್ನ ಬೆರಳುಗಳ ಮೇಲಿರಿಸಿಕೊಂಡು ಕೆಲಸದ ಗತಿಯನ್ನು ತಿಳಿಸುವ ವಿಧಾನವನ್ನೂ ಅಧ್ಯಾಪಕನು ಅಭ್ಯಾಸದಿಂದಲೇ ಪಡೆಯಬೇಕು. ಕರುಣೆಯಿದ್ದ ಮಾತ್ರಕ್ಕೆ ಅವು ಬಾರವು.

ಈ ಶಿಕ್ಷಣವು ಅಧ್ಯಾಪಕರಲ್ಲಿಯೇ ನಿಲ್ಲತಕ್ಕದ್ದಲ್ಲ. ಲಿಪಿಕಾರರ ನೆರವಿನಿಂದ ಪರೀಕ್ಷೆ ಬರೆಯುವವರಿಗೆ ಗಂಟೆಗೆ ೨೦ ನಿಮಿಷಕ್ಕೆ ಕಡಮೆಯಿಲ್ಲದ ಹೆಚ್ಚುಕಾಲವು ಸಲ್ಲಬೇಕೆಂಬ ನಿಯಮವನ್ನು ಕಚೇರಿಯ ಗುಮಾಸ್ತನು ಅರಿಯದಿದ್ದರೆ, ವರುಷವೆಲ್ಲ ಕಲಿತ ವಿದ್ಯೆಯು ಒಂದು ಅರ್ಜಿಯ ಮುಂದೆ ಸೋತುಹೋದೀತು. ಗ್ರಂಥಪಾಲಕನೂ ಪ್ರಯೋಗಾಲಯದ ಸಹಾಯಕನೂ ಇದೇ ಸರಪಳಿಯ ಕೊಂಡಿಗಳು.

ಮೈಸೂರಿನಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವು ೧೯೯೧ರಲ್ಲಿ ವಿಕಲಚೇತನರಿಗೆಂದೇ ಪಾಲಿಟೆಕ್ನಿಕ್ಕೊಂದನ್ನು ತೆರೆಯಿತು. ಅಂಥಲ್ಲಿ ವರ್ಷಗಳಿಂದ ಸಂಚಿತವಾದ ಅನುಭವವು ಬಸವನಗುಡಿ, ಮಲ್ಲೇಶ್ವರಗಳ ಸಾಮಾನ್ಯ ಕಾಲೇಜುಗಳ ಸಿಬ್ಬಂದಿಗೂ ಹರಿದುಬರಬೇಕು. ತರಬೇತಿಯ ಪೀಠದಲ್ಲಿ ಕುಳಿತು ಪಾಠ ಹೇಳುವವರು, ವೈಕಲ್ಯದೊಡನೆಯೇ ಕಸುಬನ್ನು ಸಾಧಿಸಿದ ಕುಶಲಿಗಳಾಗಿರಬೇಕು. ಕೈಯ ಜ್ಞಾನವು ಕಣ್ಣಿಲ್ಲದೆ, ಕಿವಿಯಿಲ್ಲದೆ ಹೇಗೆ ಬೆಳೆಯಿತೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು?

ತನ್ನ ಕೈ ಬಲ್ಲದ್ದನ್ನು ನುಡಿಯಾಗಿಸಲು, ಸ್ಪರ್ಶವಾಗಿಸಲು ಕಲಿತ ಗುರುವು ತನ್ನ ವಿದ್ಯೆಯನ್ನೇ ಎರಡನೆಯ ಸಲ ಕಲಿತವನಾಗುತ್ತಾನೆ. ಅವನ ‘ಹೀಗೆ’ಯಲ್ಲಿ ಅರ್ಥ ತುಂಬಿದಾಗ, ಹಿಂದಿನ ಸಾಲಿನಲ್ಲಿ ಕುಳಿತು, ಕಣ್ಣಿದ್ದೂ ಕಾಣದೆ, ಕೇಳಲು ಸಂಕೋಚಪಟ್ಟು ಸುಮ್ಮನಿದ್ದ ಹುಡುಗನಿಗೂ ಪಾಠವು ತಿಳಿಯುತ್ತದೆ.