ಶಾಲೆಯ ಬಾಗಿಲಲ್ಲಿ ಪೋಷಕರ ಉಡುಪು

2019ರ ಏಪ್ರಿಲ್‌ನಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜೇಮ್ಸ್ ಮ್ಯಾಡಿಸನ್ ಪ್ರೌಢಶಾಲೆ ಪೋಷಕರಿಗೆಂದೇ ಒಂದು ವಸ್ತ್ರಸಂಹಿತೆ ಹೊರಡಿಸಿತು. ಪೈಜಾಮ, ಲೆಗ್ಗಿಂಗ್ಸ್, ಕೂದಲಿನ ರೋಲರ್, ತಲೆಗೆ ಕಟ್ಟುವ ಬಾನೆಟ್ ಇವೆಲ್ಲ ನಿಷಿದ್ಧ. ಅದೇ ದಿನಗಳಲ್ಲಿ, ಮಗಳನ್ನು ಸೇರಿಸಲು ಬಂದಿದ್ದ ಕಪ್ಪು ಸಮುದಾಯದ ತಾಯಿಯೊಬ್ಬರನ್ನು ತಲೆವಸ್ತ್ರ ಮತ್ತು ಟೀ-ಶರ್ಟ್ ಉಡುಗೆಯ ಕಾರಣಕ್ಕೆ ಹಿಂದಕ್ಕೆ ಕಳುಹಿಸಲಾಗಿತ್ತು. ಇಂಗ್ಲೆಂಡಿನ ಡಾರ್ಲಿಂಗ್ಟನ್ನಿನಲ್ಲಿಯೂ 2016ರಲ್ಲಿ ಶಾಲೆಯೊಂದರ ಮುಖ್ಯಶಿಕ್ಷಕಿ, ಪೈಜಾಮದಲ್ಲಿ ಬರಬೇಡಿರೆಂದು ಪೋಷಕರಿಗೆ ಪತ್ರ ಬರೆದಿದ್ದರು.

ಇಂಥ ನಿಯಮಗಳ ಪರವಾದ ವಾದವನ್ನು ಹಗುರವಾಗಿ ಕಾಣಲಾಗದು. ಮಕ್ಕಳು ಹಿರಿಯರನ್ನು ನೋಡಿ ಕಲಿಯುತ್ತಾರೆ. ಶಿಕ್ಷಕರ ವೃತ್ತಿಗೂ ಗೌರವ ಸಲ್ಲಬೇಕು. ಹ್ಯೂಸ್ಟನ್ನಿನ ಆ ಪ್ರಾಂಶುಪಾಲೆ ಸ್ವತಃ ಕಪ್ಪು ಮಹಿಳೆ. ಲೋಕ ತನ್ನ ವಿದ್ಯಾರ್ಥಿಗಳನ್ನು ಹೇಗೆ ಅಳೆಯುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಾರದು. ಆದರೆ ಅಳೆಯುವವರ ಕೋಲನ್ನು ಪ್ರಶ್ನಿಸುವ ಬದಲು ಅದನ್ನೇ ಕೈಗೆತ್ತಿಕೊಂಡರೆ, ಮೊದಲ ಏಟು ಬೀಳುವುದು ಮಗುವಿನ ಮೇಲೆ. ಅಂದು ಬಾಗಿಲಲ್ಲೇ ನಿಂತದ್ದು ಒಬ್ಬ ಹುಡುಗಿಯ ದಾಖಲಾತಿ.

ಒಳ್ಳೆಯ ಉಡುಪು ಗೌರವ ತರುತ್ತದೆಂಬ ನಂಬಿಕೆಗೆ ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’ ಕೃತಿಯಲ್ಲಿ ಉತ್ತರವಿದೆ. 1901ರಲ್ಲಿ ಹೊಸ ಅಂಗಿ, ಮಿರುಗುವ ಟೋಪಿ, ರೇಷ್ಮೆಯಂಚಿನ ಧೋತರ ತೊಟ್ಟು ಮಸೂರು ನಿಲ್ದಾಣದಲ್ಲಿ ಇಳಿದ ಮಕ್ಕಳನ್ನು ಸ್ಟೇಷನ್ ಮಾಸ್ತರರು ಬ್ರಾಹ್ಮಣರ ಮಕ್ಕಳೆಂದೇ ಭಾವಿಸಿದ್ದರು. ಜಾತಿ ತಿಳಿದೊಡನೆ ಅವರ ಮುಖಭಾವ ಬದಲಾಯಿತು. ಮಕ್ಕಳ ಉಡುಪು ಬದಲಾಗಿರಲಿಲ್ಲ.

ಕರ್ನಾಟಕದಲ್ಲಿಯೂ ಈ ಕೋಲು ಮುರಿದಿಲ್ಲ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆಯೆಂದು ರೈತರೊಬ್ಬರನ್ನು ತಡೆಯಲಾಯಿತು. ಜುಲೈಯಲ್ಲಿ ಪಂಚೆಯುಟ್ಟ ಹಿರಿಯರೊಬ್ಬರಿಗೆ ಮಾಲ್ ಒಂದರ ಪ್ರವೇಶ ನಿರಾಕರಿಸಲಾಯಿತು. ಎರಡೂ ಪ್ರಸಂಗಗಳಿಗೆ ಹೊರದೇಶಗಳ ಕನ್ನಡಿಗರೂ ಸಿಡಿಮಿಡಿಗೊಂಡರು. ಅದೇ ಸಿಟ್ಟು ಹ್ಯೂಸ್ಟನ್ನಿನ ತಾಯಿಯ ಪಾಲಿಗೂ ಸಲ್ಲಬೇಕಲ್ಲವೇ? ಸಾಂಸ್ಕೃತಿಕ ದಿನಾಚರಣೆಯಂದು ಶಾಲೆಗೆ ಸೀರೆಯುಟ್ಟು ಹೋಗಿ ಮೆಚ್ಚುಗೆ ಪಡೆಯುವ ತಾಯಿ, ಶಿಕ್ಷಕರ ಭೇಟಿಯ ದಿನ ಅದೇ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು ಪ್ಯಾಂಟು ತೊಡುವುದೇಕೆಂದು ವಲಸಿಗ ಕುಟುಂಬಗಳು ಕೇಳಿಕೊಳ್ಳಬೇಕಾಗಿದೆ. ಇಷ್ಟಪಟ್ಟು ತೊಟ್ಟರೆ ಅದು ಆಕೆಯ ಸ್ವಾತಂತ್ರ್ಯ. ಸೀರೆ ಕಂಡರೆ ತನ್ನ ಮಾತಿನ ತೂಕ ಇಳಿಯುತ್ತದೆಂಬ ಅಂಜಿಕೆಯಿಂದ ತೊಟ್ಟರೆ, ವಸ್ತ್ರಸಂಹಿತೆ ಗೋಡೆಯ ಮೇಲಿಲ್ಲದಿದ್ದರೂ ಮನಸ್ಸಿನೊಳಗೆ ಜಾರಿಯಲ್ಲಿದೆ.

ಪೋಷಕರು ಶಾಲೆಗೆ ಅತಿಥಿಗಳಲ್ಲ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು, ಪ್ರವೇಶದ ಸಮಯದಲ್ಲಿ ಮಗುವನ್ನಾಗಲೀ ಪೋಷಕರನ್ನಾಗಲೀ ಜರಡಿ ಹಿಡಿಯುವುದನ್ನು ನಿಷೇಧಿಸುತ್ತದೆ. 21ನೆಯ ಕಲಮು ಸರ್ಕಾರಿ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನಗಳನ್ನು ಪೋಷಕರಿಗೇ ಕೊಡುತ್ತದೆ. ಕೂಲಿಯ ಬಟ್ಟೆಯಲ್ಲೇ ಬಂದು ಕೂರುವ ಹಕ್ಕು ಇದರಲ್ಲಿ ಅಡಗಿದೆ.

ಹಾಗಾದರೆ ಶಿಕ್ಷಕರನ್ನು ಕಾಣಲು ಪೋಷಕರು ಏನು ತೊಡಬೇಕು? ಅಂದಿನ ದುಡಿಮೆ ಮೈಮೇಲೆ ಉಳಿಸಿದ್ದನ್ನು. ರಾತ್ರಿ ಪಾಳಿ ಮುಗಿಸಿದ ದಾದಿ ತನ್ನ ಸಮವಸ್ತ್ರದಲ್ಲಿ, ಟ್ಯಾಕ್ಸಿ ಚಾಲಕ ಸುಕ್ಕುಗಟ್ಟಿದ ಅಂಗಿಯಲ್ಲಿ ಬರಲಿ. ಅವರು ಬರುವುದೇ ಶಿಕ್ಷಣಕ್ಕೆ ತೋರುವ ಗೌರವ. ಶಾಲಾ ಮಂಡಳಿಗಳಲ್ಲಿ, ಪೋಷಕರ ಸಂಘಗಳಲ್ಲಿ ಸ್ಥಾನ ಪಡೆದಿರುವ ಅನಿವಾಸಿ ಕನ್ನಡಿಗರು ಉಡುಪಿನ ಚರ್ಚೆ ಬಂದಾಗ ಭೇಟಿಯ ವೇಳೆಯ ಪ್ರಶ್ನೆಯನ್ನೆತ್ತಲಿ: ದುಡಿಯುವವರು ಬರಲಾಗದ ಹೊತ್ತಿನಲ್ಲಿ ಸಭೆ ಕರೆದು, ಬಂದವರ ಬಟ್ಟೆ ನೋಡುವುದು ಯಾವ ಶಿಸ್ತು?