ಕಾಡಿನ ಪಾಠ ಎಷ್ಟು ದಿನ ಬಿಟ್ಟಿಯಾಗಿ?

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹಿಡಿದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಸಿಕ್ಕಿಬಿದ್ದವರು ದೂರದಿಂದ ಬಂದ ಬೇಟೆಗಾರರಲ್ಲ, ಅಲ್ಲಿನವರೇ. ಗಸ್ತು ತಿರುಗುವ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಎಂಬುದೂ ಅದೇ ವಾರ ಹೊರಬಿತ್ತು. ಟಿ.ವಿ. ಚರ್ಚೆಗಳಲ್ಲಿ ಮಾತ್ರ ಎಂದಿನ ಮಾತು: ‘ಜನರಲ್ಲಿ ಅರಿವು ಮೂಡಿಸಬೇಕು.’

ಮೂಡಿಸಬೇಕು ಸರಿ, ಮೂಡಿಸುವವರು ಯಾರು?

ಕಾಗದದ ಮೇಲೆ ಇದಕ್ಕೆ ಉತ್ತರ ಸಿಕ್ಕಿ ಮೂರು ದಶಕವೇ ಕಳೆದಿದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಶಾಲೆ, ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಿ ಎಂದಿತು. ಚಿತ್ರಮಂದಿರಗಳು ಪ್ರತಿ ಆಟದಲ್ಲೂ ಪರಿಸರದ ಸ್ಲೈಡ್‌ಗಳನ್ನು ಉಚಿತವಾಗಿ ತೋರಿಸಬೇಕು ಎಂದೂ ಹೇಳಿತ್ತು. ಸಿನಿಮಾಕ್ಕೆ ಮುಂಚೆ ತಂಬಾಕಿನ ಜಾಹೀರಾತು ಬಾಯಿಪಾಠವಾಗುವಷ್ಟು ನೋಡಿದ ನಾವು ಈ ಸ್ಲೈಡ್ ನೋಡಿದ್ದು ನೆನಪಿದೆಯೇ? 2001ರಲ್ಲಿ ಶಾಲೆಗಳಿಗೆ ಇಕೋ ಕ್ಲಬ್ ಬಂತು. ಆಮೇಲೆ ಯುಜಿಸಿ ಪದವಿಯ ಎಲ್ಲ ವಿದ್ಯಾರ್ಥಿಗಳಿಗೂ ಆರು ತಿಂಗಳ ಪರಿಸರ ಅಧ್ಯಯನ ತಂದಿತು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎನ್ನದೆ ನಾವೆಲ್ಲ ಆ ಪೇಪರನ್ನು ಪಾಸು ಮಾಡಿದವರೇ. ಓಝೋನ್ ಪದರದ ಬಗ್ಗೆ ಎರಡು ಪುಟ ಬರೆಯುತ್ತೇವೆ. ಪರೀಕ್ಷಾ ಕೊಠಡಿಯ ಕಿಟಕಿಯಾಚೆ ನಿಂತ ಮರ ಯಾವುದು ಅಂದರೆ ತಲೆ ಕೆರೆದುಕೊಳ್ಳುತ್ತೇವೆ.

ಈ ತೆರವನ್ನು ತುಂಬುತ್ತಿರುವವರು ಸ್ವಯಂಸೇವಕರು. ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರದು ಬೇಟೆಗಾರರ ಎದೆ ನಡುಗಿಸಿದ ಹೆಸರು. ಜನರ ಸಿಟ್ಟು ಕಾಡಿಗೆ ಬೆಂಕಿಯಾಗಿ ಹತ್ತಿದ 1992ರ ದಿನಗಳನ್ನೂ ಅವರು ಕಂಡವರು. ಅಂಥವರು ಸೇವೆ ಬಿಟ್ಟ ಮೇಲೆ ಹಿಡಿದದ್ದು ಕೋವಿಯನ್ನಲ್ಲ, ಶಾಲಾ ಮಕ್ಕಳ ಕೈಯನ್ನು. 2024ರಲ್ಲಿ ತೀರಿಕೊಂಡ ಅವರ ಶಿಬಿರಗಳಲ್ಲಿ ಕಾಡು ನೋಡಿದ ಹಲವರು ಇಂದು ಸಂರಕ್ಷಣೆಯ ಕೆಲಸದಲ್ಲಿದ್ದಾರೆ. ಈಗ ಸಂಸ್ಥೆಗಳೂ ಇವೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿದ ‘ವೈಲ್ಡ್ ಶಾಲೆ’ ಕಾಡಂಚಿನ ಶಾಲೆಗಳಲ್ಲಿ 10ರಿಂದ 13 ವರ್ಷದ ಮಕ್ಕಳಿಗೆ ಆಟದ ಮೂಲಕ ಪಾಠ ಹೇಳುತ್ತದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ‘ಅರ್ಲಿ ಬರ್ಡ್’ ಹಕ್ಕಿಗಳ ಚಿತ್ರಪಟಗಳನ್ನು ಕನ್ನಡದಲ್ಲೂ ತಂದಿದೆ.

ಇವೆಲ್ಲವುಗಳ ನಡುವೆ ನನಗೆ ಹೆಚ್ಚು ಪಾಠ ಕಾಣುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ. ಹುಣಸೆ ಮರ ಎಂದರೆ ಆ ಮನೆಗೆ ವರ್ಷದ ಆದಾಯ. ಹಕ್ಕಿ ಕೂತರೆ ಹಣ್ಣು ಬಡಿಯುವಂತಿಲ್ಲ. ‘ನಮ್ಮೂರಿನ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ’ ಎಂದು ಹಕ್ಕಿಗಳ ಬಗ್ಗೆ ಹೇಳುವ ಊರಾದರೂ ನಷ್ಟ ನಷ್ಟವೇ ತಾನೆ? 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪರಿಸರಾಸಕ್ತರು ಅಲ್ಲಿಗೆ ಹೋದಾಗ ಭಾಷಣ ಮಾಡಿ ಬಸ್ ಹತ್ತಲಿಲ್ಲ. ವರ್ಷಗಟ್ಟಲೆ ಊರಿನ ಜತೆಗಿದ್ದರು. ಊರ ಹುಡುಗರದೇ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ಕೊಟ್ಟು ಸಾಕಿ, ಹಾರುವಷ್ಟಾದ ಮೇಲೆ ಬಿಡುವುದು ಆ ಬಳಗದ ಕೆಲಸ. ಹಣ್ಣು ಕೀಳದೆ ಬಿಟ್ಟ ಮರಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬಂತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. 2017ರ ಕೊನೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಉದುರತೊಡಗಿದವು. ಪರೀಕ್ಷಿಸಿದಾಗ, ತಿಂದ ಮೀನಿನ ಮೂಲಕ ಹೊಟ್ಟೆ ಸೇರಿದ ಜಂತುಹುಳು ಕಾರಣ ಎಂದು ತಿಳಿಯಿತು. ಹಕ್ಕಿ ಉಳಿಯಬೇಕಾದರೆ ಮರ ಸಾಲದು, ಕೆರೆಯೂ ಚೆನ್ನಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪಠ್ಯಪುಸ್ತಕದಲ್ಲಿದೆ?

ಕೊಕ್ಕರೆ ಬೆಳ್ಳೂರಿನಲ್ಲಿ ಕಲಿತವರೂ ಕಲಿಸಿದವರೂ ಕೊನೆಗೆ ಅದೇ ಊರಿನವರಾದರು. ಬಹುತೇಕ ಕಡೆ ಹಾಗಾಗುತ್ತಿಲ್ಲ. ಏಕೆಂದರೆ ಈ ಕೆಲಸಕ್ಕೆ ದುಡ್ಡಿಲ್ಲ. ಇಲ್ಲ ಎನ್ನುವುದಕ್ಕಿಂತ, ನಮ್ಮ ಕೈಯಿಂದಲೇ ಹೋಗುತ್ತದೆ. ಭಾನುವಾರ ಬೇಕು, ಬಸ್ ಚಾರ್ಜು ಬೇಕು, ಬೈನಾಕ್ಯುಲರ್ ಬೇಕು. ಹಕ್ಕಿಯ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಲು ಬಂದರೆ ಇನ್ನೂ ಸಲೀಸು. ಬೆಂಗಳೂರಿನಲ್ಲಿ ಐ.ಟಿ. ಕೆಲಸದಲ್ಲಿರುವವರಿಗೆ ಇದು ವಾರಾಂತ್ಯದ ಹವ್ಯಾಸ. ಗುಂಡ್ಲುಪೇಟೆಯ ಕಡೆ ಡಿಗ್ರಿ ಮುಗಿಸಿ, ಬೆಳಿಗ್ಗೆ ಹೊಲ, ಸಂಜೆ ಪಿಡಿಒ ಪರೀಕ್ಷೆಗೆ ಓದು ಎಂದು ಕೂತವನಿಗೆ? ಆನೆ ಯಾವ ದಾರಿಯಲ್ಲಿ ಬರುತ್ತದೆ, ಕಂದಕ ಎಲ್ಲಿ ಕುಸಿದಿದೆ ಎಂಬುದು ಅವನಿಗೆ ಗೊತ್ತು. ಆದರೆ ‘ಸ್ವಯಂಸೇವಕ’ ಎಂದಾಗ ಅವನ ಮನೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಕೊಡ್ತಾರಪ್ಪ?’ ಅದರಲ್ಲಿ ತಪ್ಪೇನಿಲ್ಲ. ಪ್ರಮಾಣಪತ್ರ ಕೊಡುತ್ತಾರೆ ಎಂದರೆ ಅಮ್ಮಂದಿರು ನಗುತ್ತಾರೆ.

ಹಾಗಾಗಿ ಪಾಠವೇ ದಾರಿ ತಪ್ಪುವ ಅಪಾಯವಿದೆ. ಹೊರಗಿನಿಂದ ಬಂದವರು ‘ಹುಲಿ ನಮ್ಮ ಹೆಮ್ಮೆ’ ಎಂದು ಹಾಡಿಸಿ ಹೋಗುತ್ತಾರೆ. ಹಿಂದಿನ ಬೆಂಚಿನ ಹುಡುಗಿಯ ಮನೆಯ ಹಸು ಹೋದ ತಿಂಗಳಷ್ಟೇ ಹುಲಿಯ ಪಾಲಾಗಿರಬಹುದು. ಅವಳಿಗೆ ಬೇಕಾದದ್ದು ಬೇರೆ: ಹಸು ಸತ್ತಾಗ ಯಾರಿಗೆ ತಿಳಿಸಬೇಕು, ಮಹಜರು ಹೇಗೆ, ಪರಿಹಾರದ ಅರ್ಜಿಗೆ ಯಾವ ದಾಖಲೆ ಬೇಕು, ಕತ್ತಲಲ್ಲಿ ಹೊಲಕ್ಕೆ ಹೋಗುವಾಗ ಏನು ಜಾಗ್ರತೆ. ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ಇರುವ ‘ವೈಲ್ಡ್ ಸೇವೆ’ ಸಹಾಯವಾಣಿ, ಫೋನ್ ಮಾಡಿದ ರೈತರ ಬಳಿಗೇ ಹೋಗಿ ಅರ್ಜಿ ಹಾಕಲು ನೆರವಾಗುತ್ತದೆ. ನನ್ನ ಪ್ರಕಾರ ಅದೂ ಪರಿಸರ ಶಿಕ್ಷಣವೇ. ಪರಿಹಾರ ಬೇಗ ಬರುತ್ತದೆಂಬ ನಂಬಿಕೆ ಇದ್ದಿದ್ದರೆ ಹೂಗ್ಯಂನಲ್ಲಿ ವಿಷ ಹಾಕುತ್ತಲೇ ಇರಲಿಲ್ಲ ಎಂದು ಹೇಳಲಾರೆ. ಆದರೆ ಆ ನಂಬಿಕೆ ಇಲ್ಲದ ಕಡೆ ಹುಲಿಯ ಹಾಡು ಯಾರ ಮನಸ್ಸಿಗೂ ಇಳಿಯುವುದಿಲ್ಲ.

ಹಾಗಾದರೆ ದುಡ್ಡು ಎಲ್ಲಿಂದ? ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದಕ್ಕೆ ಸ್ಥಳೀಯ ನಿಧಿ ಇರಬೇಕು ಎನ್ನುತ್ತದೆ ಆ ಕಾಯ್ದೆ. ನಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಊರಿನ ಗಿಡ, ಮೀನು, ಹಕ್ಕಿ, ನಾಟಿ ತಳಿಗಳನ್ನು ದಾಖಲಿಸುವ ‘ಜನತಾ ಜೀವವೈವಿಧ್ಯ ದಾಖಲಾತಿ’ ಮಾಡುವುದೂ ಅದೇ ಸಮಿತಿ. ಊರ ಪದವೀಧರರಿಬ್ಬರನ್ನು ಗೌರವಧನ ಕೊಟ್ಟು ಈ ದಾಖಲಾತಿಗೂ ಶಾಲೆಯ ಪಾಠಕ್ಕೂ ಹಚ್ಚಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ಕೆಲಸವಿಲ್ಲದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿಯನ್ನು ಎರಡು ವರ್ಷ ಕೊಡುವ ಸರ್ಕಾರಕ್ಕೆ, ಇಷ್ಟಪಟ್ಟು ಮುಂದೆ ಬರುವವರಿಗೆ ಅದರ ಮೇಲೆ ಇನ್ನಷ್ಟು ಸೇರಿಸಿ ಕಾಡಂಚಿನ ಶಾಲೆಗೆ ಕಳಿಸುವುದು ಆಗದ ಮಾತಲ್ಲ.

ದುಡ್ಡು ಬಂದರೆ ಸೇವಾಭಾವ ಸಾಯುತ್ತದೆ ಎನ್ನುವ ಹಿರಿಯರಿದ್ದಾರೆ. ಅತಿಥಿ ಉಪನ್ಯಾಸಕರ ಪಾಡು ನೋಡಿದ ನಮ್ಮ ಪೀಳಿಗೆಗೆ ಸೇವಾಭಾವದ ಹೆಸರಿನಲ್ಲಿ ಏನೆಲ್ಲ ನಡೆಯುತ್ತದೆ ಎಂಬುದು ಗೊತ್ತು. ಇನ್ನು, ಸರ್ಕಾರದ ದುಡ್ಡು ಬಂದಲ್ಲಿ ಹಾಜರಿ ಪುಸ್ತಕ ತುಂಬಿ ಪಾಠ ಖಾಲಿಯಾಗುತ್ತದೆ ಎಂಬ ಭಯ ಬೇರೆ. ಅದು ಸುಳ್ಳಲ್ಲ. ಎಷ್ಟೋ ಇಕೋ ಕ್ಲಬ್‌ಗಳು ಜೂನ್ 5ರಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಮುಂದಿನ ಜೂನ್‌ವರೆಗೆ ಮಲಗುವುದನ್ನು ನೋಡಿದ್ದೇವೆ. ಅದಕ್ಕೇ ನೇಮಕವೂ ಲೆಕ್ಕವೂ ಜಿಲ್ಲಾ ಕಚೇರಿಯಲ್ಲಲ್ಲ, ಗ್ರಾಮಸಭೆಯ ಮುಂದೆ ಆಗಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಮಾತು ಮುಗಿದ ಮೇಲೆ ಎದ್ದು ನಿಂತು, ಜೀವವೈವಿಧ್ಯ ಸಮಿತಿ ಕಳೆದ ಸಲ ಯಾವಾಗ ಸೇರಿತ್ತು ಎಂದು ಪಿಡಿಒ ಅವರನ್ನು ಕೇಳಿ ನೋಡಿ.